ಗುರುವಿನ ಹೊಸ ಚಂದ್ರ

ಬಾಹ್ಯಾಕಾಶ ನೌಕೆ ಕಳಿಸಿದ ಚಿತ್ರಗಳನ್ನು ಜೋಡಿಸಿ, ಗುರುಗ್ರಹದ ಚಂದ್ರರು ಸುತ್ತುವ ದಾರಿಯನ್ನು ತೆರೆಯ ಮೇಲೆ ಮೂಡಿಸುವುದು ಪ್ರಾಣೇಶನ ಕೆಲಸ. ಸಹಾಯಕಿ ವಾರಿಜಾ ಹೆರಿಗೆ ರಜೆಗೆ ಹೋದ ಮೇಲೆ, ಅವಳು ಜೋಡಿಸಿಟ್ಟಿದ್ದ ಚಿತ್ರಗಳಲ್ಲಿ ಗ್ರಹವನ್ನು ಸುತ್ತುವ ಹೊಸದೊಂದು ಚುಕ್ಕೆ ಅವನ ಕಣ್ಣಿಗೆ ಬಿತ್ತು. ಅವಳೇ ಅದಕ್ಕೆ ಕೆಂಪು ಗುರುತು ಹಾಕಿದ್ದಳು. ಅವನು ಗುರುತನ್ನು ಅಳಿಸಿ, ಹೊಸ ಚಂದ್ರನನ್ನು ಕಂಡುಹಿಡಿದವನು ತಾನೇ ಎಂದು ಜಗತ್ತಿಗೆ ಸಾರಿದ. ಹಾರ ತುರಾಯಿ ಬಂದವು.

ಕೊನೆಗೆ ತಪ್ಪಿನ ಭಾರ ತಡೆಯಲಾರದೆ ಬಾಣಂತಿಯನ್ನು ನೋಡಲು ಹೋದ.

"ತಪ್ಪಾಯ್ತಮ್ಮ. ನೀನು ಕಂಡುಹಿಡಿದ ಚಂದ್ರನ್ನ ನಂದು ಅಂದ್ಬಿಟ್ಟೆ."

"ಯಾವ ಚಂದ್ರ ಸರ್?"

"ಕೆಂಪು ಗುರುತು ಹಾಕಿದ್ಯಲ್ಲ, ಅದೇ."

ತೊಟ್ಟಿಲು ತೂಗುತ್ತಿದ್ದ ಅವಳ ಕೈ ನಿಂತಿತು.

"ಅಯ್ಯೋ, ಅದು ಕಂಪ್ಯೂಟರು ಚಂದ್ರನ್ನ ಗುರುತಿಸುತ್ತಾ ಅಂತ ನೋಡೋಕೆ ನಾನೇ ಇಟ್ಟ ಸುಳ್ಳು ಚುಕ್ಕೆ ಸರ್! ಯಾರೂ ನಿಜ ಅಂದ್ಕೋಬಾರ್ದು ಅಂತ್ಲೇ ಕೆಂಪು ಗುರುತು ಹಾಕಿದ್ದು."