ಕೌದಿಗೆ ನಾಲ್ಕು ಕಾಳು ಅಕ್ಕಿ

ಬಿಸಿಲಿಗೆ ಹರವಿದ ಹಳೆ ಹತ್ತಿಬಟ್ಟೆಯ ವಾಸನೆ ಬಂದರೆ ಈಗಲೂ ನನಗೆ ಹಳಿಯಾಳದ ಹತ್ತಿರದ ನಮ್ಮ ಮನೆಯ ಪಡಸಾಲೆಯೂ ಅಲ್ಲಿ ನಾನು ಸೋತ ಒಂದು ವಾದವೂ ನೆನಪಾಗುತ್ತವೆ.

ದಿನ ತುಂಬುವ ಮೊದಲೇ ಹುಟ್ಟಿದ ತಮ್ಮ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ. ಅಪ್ಪ, ಅವ್ವ ಅಲ್ಲೇ ಇದ್ದರು. ಮನೆಯಲ್ಲಿ ಅಜ್ಜಿ ಮತ್ತು ನಾನು ಅವನಿಗೊಂದು ಕೌದಿ ಹೊಲಿಯುತ್ತಿದ್ದೆವು. ಅವ್ವನ ಸವೆದು ಮೆತ್ತಗಾದ ಸೀರೆ, ಅಪ್ಪನ ಚೌಕಳಿ ಲುಂಗಿ, ನನ್ನ ಶಾಲೆಯ ಅಂಗಿಯ ಜೇಬು ಎಲ್ಲವೂ ಅದರಲ್ಲಿ ಸೇರಿದ್ದವು. ಅಂಚಿನಿಂದ ಸುತ್ತಿಕೊಂಡು ಬಂದ ಹೊಲಿಗೆ ನಡುವಿಗೆ ಮುಟ್ಟಿತ್ತು. ಕೊನೆಯ ತುಂಡಿನ ಕೆಳಗೆ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚುವುದು ನಮ್ಮಲ್ಲಿ ರೂಢಿ.

“ಕೌದಿ ಉಣ್ಣತೈತೇನ ಬೇ? ಅಕ್ಕಿ ಇಟ್ರ ಇರುವಿ ಬರ್ತಾವ,” ಎಂದೆ.

“ಅದರ ಹೊಟ್ಟಿ ಖಾಲಿ ಇರಬಾರ್ದು, ಶಾಣ್ಯಾಕಿ.”

“ಹಂಗಾರ ಈಗ ಇಡು. ಒಂದ ತುಂಡು ಉಳದೈತಿ, ಯಾಕ ಮುಗಸವಲ್ಲಿ?”

“ದಾರ ಗಂಟಾಗೈತಿ.”

ದಾರ ಸರಾಗವಾಗಿಯೇ ಇತ್ತು. ಹಾಗೆನ್ನಲು ಬಾಯಿ ತೆರೆದವಳು, ಅಜ್ಜಿಯ ಕಣ್ಣು ಫೋನಿನ ಮೇಲಿರುವುದನ್ನು ಕಂಡು ಇಲ್ಲದ ಗಂಟನ್ನು ಬಿಡಿಸತೊಡಗಿದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು. ಅಪ್ಪನ ದನಿ ಪಡಸಾಲೆಗೆಲ್ಲ ಕೇಳಿಸಿತು: “ಕೂಸಿನ್ನ ಪೆಟ್ಟಿಗ್ಯಾಗಿಂದ ತಗದು ಅವರವ್ವನ ಕೈಯಾಗ ಕೊಟ್ಟಾರ. ಹಾಲು ಕುಡದಾನ. ನಾಡಿದ್ದು ಮನಿಗೆ ಬರ್ತೀವಿ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, “ಓಡು, ನಾಕ ಕಾಳು ಅಕ್ಕಿ ತಾ,” ಎಂದಳು.

ನಾನು ಮುಷ್ಟಿ ತುಂಬ ತಂದೆ.

“ಇಷ್ಟ್ಯಾಕ ತಂದಿ? ಇರುವಿ ಬರ್ತಾವಲ್ಲ?”

“ಬರ್ಲಿ ಬಿಡು,” ಎಂದೆ.