ಪ್ಲಂಬರ್ ಕೈ

ನಲ್ಲಿಗೆ ವಾಷರ್ ಹಾಕುತ್ತಿದ್ದ ಹುಡುಗಿಯ ಮುಖಕ್ಕೆ ನೀರು ರಪ್ಪನೆ ಚಿಮ್ಮಿತು. ಸಾಕುತಂದೆ ವೃತ್ತಿಯಲ್ಲಿ ಪ್ಲಂಬರ್. ಆದರೂ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತೇ ಇದ್ದ.

"ರೀ, ಅಡುಗೆಮನೆ ಕೆರೆ ಆಯ್ತಲ್ರೀ!" ಎಂದಳು ಹೆಂಡತಿ.

"ಸಾಕುಪೋಷಕರ ತರಬೇತೀಲಿ ಮೇಡಂ ಏನಂದ್ರು? ಅವಳಾಗೇ ಕೇಳೋವರೆಗೂ ಕೈ ಹಾಕ್ಬೇಡಿ ಅಂದ್ರು ತಾನೆ?" ಎಂದು ಹಲ್ಲುಕಚ್ಚಿ ಪಿಸುಗುಟ್ಟಿದ. ಹೋದ ವಾರ ಹುಡುಗಿಯ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಿದ್ದಕ್ಕೆ ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಈ ಮನೆಗೆ ಬಂದಾಗಿನಿಂದ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಹುಡುಗಿ ಬಗ್ಗಿ ವಾಲ್ವ್ ತಿರುಗಿಸಿದಳು. ನೀರು ನಿಂತಿತು. ಮುಖ ಒರೆಸಿಕೊಂಡು ಸ್ಪ್ಯಾನರ್ ಚಾಚಿದಳು.

"ಅಂಕಲ್, ನನ್ ಕೈಲಿ ಬಿಗಿ ಆಗ್ತಿಲ್ಲ. ನೀವೊಂದ್ಸಲ ನೋಡ್ತೀರಾ?"

ಅವನು ಗಡಬಡಿಸಿ ತೊಡೆಯಡಿಯಿಂದ ಕೈಗಳನ್ನು ಹೊರಗೆಳೆದು ಸ್ಪ್ಯಾನರ್ ಹಿಡಿಯಹೋದ. ಎರಡೂ ಜೋಮು ಹಿಡಿದಿದ್ದವು. ಸ್ಪ್ಯಾನರ್ ಠಣ್ಣನೆ ನೆಲಕ್ಕೆ ಬಿತ್ತು.

"ನೀವು ನಿಜವಾಗ್ಲೂ ಪ್ಲಂಬರ್ರೇನಾ ಅಂಕಲ್?" ಎಂದು ಹುಡುಗಿ ಕಿಸಕ್ಕನೆ ನಕ್ಕಳು.