ಗಾಜಿಗೆ ಬಿದ್ದ ಗೆಣ್ಣು

“ತಟ್ಬೇಡಿ ಅಪ್ಪಾ, ಅದು ಮೊಟ್ಟೆ ಕಾಯ್ತಿದೆ!” ಎಂದು ಮಗಳು ಕೂಗುವಷ್ಟರಲ್ಲಿ ಅವನ ಬೆರಳ ಗೆಣ್ಣು ಮೀನಿನ ತೊಟ್ಟಿಯ ಗಾಜಿಗೆ ಬಡಿದಾಗಿತ್ತು. “ಮಾವ ಬಂದು ಕೂತಿದ್ದಾನೆ. ನೀನು ರೂಮಿಂದ ಆಚೆ ಬರಲ್ಲ, ನಿನ್ನ ಮೀನು ಕುಡಿಕೆಯಿಂದ ಆಚೆ ಬರಲ್ಲ. ನಿನ್ನ ಬಾಗಿಲೂ ತಟ್ಟಿದ ಮೇಲೇ ತಾನೇ ತೆಗೆದಿದ್ದು?” ಎಂದವನು ಇನ್ನೂ ಜೋರಾಗಿ ಬಡಿದ.

ನೀರಿನ ತಳದಲ್ಲಿ ಅಡ್ಡ ಮಲಗಿಸಿದ್ದ ಕುಡಿಕೆಯೊಳಗಿಂದ ಹೆಬ್ಬೆರಳುದ್ದದ ಹಳದಿ ಸಿಕ್ಲಿಡ್ ಮೀನು ತಲೆ ಹೊರಹಾಕಿತು. ತಕ್ಷಣ ಒಳಕ್ಕೆ ತಿರುಗಿ ಗಬಗಬನೆ ಬಾಯಾಡಿಸತೊಡಗಿತು. “ಬಂತಾ ಇಲ್ವಾ?” ಎಂದು ಅವನು ಭಾವಮೈದುನನತ್ತ ನೋಡಿ ಬೀಗಿದ.

“ಏನೋ ತಿಂತಿದೆಯಲ್ಲ, ಭಾವ?”

“ಅದರದೇ ಮೊಟ್ಟೆ, ಮಾವ. ಹೆದರಿದ್ರೆ ತಾನೇ ತಿಂದುಬಿಡುತ್ತೆ,” ಎಂದ ಮಗಳು ಅಪ್ಪನ ಮುಖ ನೋಡದೆ ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

“ಎಷ್ಟು ಕೊಬ್ಬು ನೋಡು! ಒಂದು ಮೀನಿಗೋಸ್ಕರ ನನಗೇ ಮುಖ ತಿರುಗಿಸ್ತಾಳೆ!” ದಡದಡನೆ ಹೋಗಿ ಅದೇ ಗೆಣ್ಣು ಎತ್ತಿದ. ತಟ್ಟಲು ಬಾಗಿಲು ಸಿಗಲಿಲ್ಲ. ಅಲ್ಲಿಯವರೆಗೆ ಅಡುಗೆಮನೆಯಲ್ಲಿದ್ದ ಹೆಂಡತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ತಟ್ಟಿ,” ಎಂದಳು. “ಈಗ ತಟ್ಟಿ, ನೋಡೋಣ.”